ಅಳತೆಯ ಕಾಲು

ಕಾರ್ಖಾನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಐದು ನಂಬರಿನ ಕಾಲಿನವಳು ಎನ್ನುವುದು ಬಾಯಿಂದ ಬಾಯಿಗೆ ಸವೆದು ಐದಕ್ಕ ಎಂದಾಗಿತ್ತು. ಹೆಂಗಸರ ಶೂ, ಚಪ್ಪಲಿ ಮಾಡುವ ಕಾರ್ಖಾನೆ ಅದು. ಹೊಸ ಮಾದರಿ ಯಾವುದೇ ಇರಲಿ, ಮೊದಲು ಐದನೇ ನಂಬರಿನಲ್ಲಿ ಒಂದೇ ಜೊತೆ ಕಟ್ಟುತ್ತಿದ್ದರು. ಅದನ್ನು ಮೆಟ್ಟಿಕೊಂಡು ನಡೆದು, ಎಲ್ಲಿ ಹೇಗಿದೆ ಎಂದು ಹೇಳುವುದು ಐದಕ್ಕನ ಕೆಲಸ. ಅವಳ ಕಾಲಿಗೆ ಹೊಂದಿದ ಮೇಲೆಯೇ ಆ ಅಳತೆಯನ್ನು ಹಿಗ್ಗಿಸಿ ಕುಗ್ಗಿಸಿ ಉಳಿದ ನಂಬರುಗಳನ್ನು ಮಾಡುವುದು. ಅವಳ ಮುಖವನ್ನೇ ಕಾಣದ ಹೆಂಗಸರು ಎಲ್ಲೆಲ್ಲೋ ಬಸ್ಸು ಹತ್ತುತ್ತಿದ್ದರು, ಮೆಟ್ಟಿಲು ಇಳಿಯುತ್ತಿದ್ದರು, ಮಕ್ಕಳ ಹಿಂದೆ ಓಡುತ್ತಿದ್ದರು; ಎಲ್ಲರ ಕಾಲಡಿಯಲ್ಲೂ ಇವಳ ಕಾಲಿನ ಆಕಾರ ಇರುತ್ತಿತ್ತು.

ಹತ್ತೊಂಬತ್ತರ ವಯಸ್ಸಿನಲ್ಲಿ ಅಟ್ಟೆಗೆ ಅಂಟು ಬಳಿಯುವ ಕೆಲಸಕ್ಕೆ ಸೇರಿದ್ದಳು. ಸೇರಿದ ಸ್ವಲ್ಪ ದಿನಕ್ಕೆ ಮೇಸ್ತ್ರಿ ಹೆಂಗಸರನ್ನೆಲ್ಲ ಬರಿಗಾಲಲ್ಲಿ ಸಾಲಾಗಿ ನಿಲ್ಲಿಸಿದ. ಕಾಲಿನ ಅಚ್ಚನ್ನು ಮರದಲ್ಲಿ ತಿದ್ದಿ, ಅದರ ಮೇಲೆ ಶೂ ಕಟ್ಟಿಸುವವನು ಅವನು. ಅವನ ಪಾಲಿಗೆ ಮನುಷ್ಯರು ಇರುತ್ತಿದ್ದುದು ಕಣಕಾಲಿನಿಂದ ಕೆಳಗೆ ಮಾತ್ರ. ಸಾಲಿನುದ್ದಕ್ಕೂ ತಲೆ ಬಗ್ಗಿಸಿಕೊಂಡೇ ಬಂದು ಅವಳೆದುರು ಕುಕ್ಕರುಗಾಲಲ್ಲಿ ಕೂತ. ನಡುವೆ ತಗ್ಗಿ, ಹಿಮ್ಮಡಿಯಲ್ಲಿ ದುಂಡಗಾಗಿ, ಬೆರಳುಗಳು ಒಂದಕ್ಕಿಂತ ಒಂದು ಸ್ವಲ್ಪ ಸ್ವಲ್ಪವೇ ಇಳಿಯುತ್ತ ಹೋದ ಕಾಲು. ಟೇಪು ಸುತ್ತಿದ, ಹೆಬ್ಬೆರಳಿನಿಂದ ಅಲ್ಲಲ್ಲಿ ಒತ್ತಿದ, ಮುಖ ಎತ್ತದೆಯೇ "ಇವಳನ್ನ ಕೂರಿಸಿ" ಎಂದ.

ಅಂದು ಕೂತವಳು ಮತ್ತೆ ಏಳಲಿಲ್ಲ. ನಿಂತರೆ ಕಾಲು ಬಾಯುತ್ತದೆ, ಬಾತರೆ ಅಳತೆ ಕೆಡುತ್ತದೆ. ಹಾಗಾಗಿ ಆ ಉದ್ದನೆಯ ಶೆಡ್ಡಿನಲ್ಲಿ ಹೆಂಗಸರೆಲ್ಲ ಮೆಷಿನ್ನಿನ ಮುಂದೆ ದಿನವಿಡೀ ನಿಂತಿರುವಾಗ ಐದಕ್ಕನೊಬ್ಬಳಿಗೆ ದಿಂಬು ಹಾಕಿದ ಕುರ್ಚಿ, ಕಾಲಿಡಲು ಒಂದು ಮಣೆ. ಮಾದರಿ ಇಲ್ಲದ ಹೊತ್ತಿನಲ್ಲಿ ಕೂತಲ್ಲೇ ಶೂಗಳಿಗೆ ಲೇಸು ಪೋಣಿಸುತ್ತಿದ್ದಳು. ಅವಳ ಬಾಯಿಂದ ಮೇಸ್ತ್ರಿಗೆ ಬೇಕಾಗಿದ್ದುದು ನಾಲ್ಕೇ ಮಾತು. ಕಚ್ಚುತ್ತೆ ಅಂದರೆ ಹೊಲಿಗೆ ಬದಲಾಗಬೇಕು. ಜಾರುತ್ತೆ ಅಂದರೆ ಹಿಂಭಾಗ ಬಿಗಿಯಾಗಬೇಕು. ಒತ್ತುತ್ತೆ ಅಂದರೆ ಅಚ್ಚನ್ನೇ ತಿದ್ದಬೇಕು. ಕೂತಿದೆ ಅಂದರೆ ಮುಗಿಯಿತು, ಮೆಷಿನ್ನುಗಳೆಲ್ಲ ಆ ಮಾದರಿಯ ಕಡೆ ತಿರುಗುತ್ತಿದ್ದವು. ಆ ಕೊನೆಯ ಮಾತಿಗಾಗಿ ಮಾಲೀಕರೂ ಅವಳ ಕುರ್ಚಿಯ ಪಕ್ಕ ಕಾದು ನಿಂತದ್ದುಂಟು.

ಇಷ್ಟು ವರ್ಷ ಕೂತವಳಿಗೆ, ನಿಂತವರ ಕಾಲು ನೋಡಿದರೆ ನಗು ಬರುತ್ತಿತ್ತು. ಊಟದ ಹೊತ್ತಿನಲ್ಲಿ ಹೆಂಗಸರು ಗೋಡೆಗೊರಗಿ ಕಾಲು ಚಾಚಿ ಕೂರುತ್ತಿದ್ದರು. ಕಾಲಿನ ತಾಪತ್ರಯ ಇಲ್ಲದವರಿಲ್ಲ. ಒಬ್ಬಳಿಗೆ ಆಣಿ, ಒಬ್ಬಳಿಗೆ ಒಡೆದ ಹಿಮ್ಮಡಿ, ಒಬ್ಬಳಿಗೆ ಮಾಂಸದೊಳಕ್ಕೆ ಬೆಳೆದ ಉಗುರು. ಕಾಲಿನ ವಿಷಯ ಐದಕ್ಕನಿಗೆ ಗೊತ್ತು ಎಂದು ಕೇಳಲು ಬರುತ್ತಿದ್ದರು. ಅವಳು ಹೇಳುತ್ತಿದ್ದುದೆಲ್ಲ ಸರಿಯೇ. ಆಣಿಯನ್ನು ಬ್ಲೇಡಿನಿಂದ ಕೊಯ್ಯಬಾರದು, ಬಿಸಿನೀರಿನಲ್ಲಿ ನೆನೆಸಿ ಕಲ್ಲಿನಿಂದ ಮೆಲ್ಲಗೆ ಉಜ್ಜಬೇಕು. ಉಗುರನ್ನು ನೇರಕ್ಕೆ ಕತ್ತರಿಸಬೇಕು, ಮೂಲೆ ಕೊರೆಯಬಾರದು. ಚಪ್ಪಲಿ ಕೊಳ್ಳಲು ಸಂಜೆ ಹೋಗಬೇಕು, ದಿನದ ಭಾರಕ್ಕೆ ಕಾಲು ಹಿಗ್ಗಿರುವಾಗ. ಎರಡೂ ಕಾಲಿಗೆ ಹಾಕಿ ನೋಡಬೇಕು, ಉದ್ದದ ಬೆರಳಿನ ಮುಂದೆ ಇನ್ನೂ ಒಂದು ಬೆರಳಿನಷ್ಟು ಜಾಗ ಉಳಿಯಬೇಕು. ಹಾಕಿ ಹಾಕಿ ಸರಿಹೋಗುತ್ತೆ ಎನ್ನುವ ಅಂಗಡಿಯವನ ಮಾತನ್ನು ಮಾತ್ರ ನಂಬಬಾರದು.

ಆದರೆ ಅವಳ ಬುದ್ಧಿವಾದದ ಬಾಲಕ್ಕೆ ಯಾವಾಗಲೂ ಒಂದು ಮುಳ್ಳು ಇರುತ್ತಿತ್ತು. ಹಿಮ್ಮಡಿ ಒಡೆದವಳಿಗೆ, ರಾತ್ರಿ ತೊಳೆದು ಒರೆಸಿ ಎಣ್ಣೆ ಹಚ್ಚು ಎಂದು ಹೇಳಿ, ಇಲ್ಲದಿದ್ದರೆ ಆ ಬಿರುಕಿನಲ್ಲಿ ಬೀಜ ಬಿತ್ತು, ಮೊಳಕೆಯಾದರೂ ಬಂದೀತು ಎಂದಳು. ಎಲ್ಲರೂ ನಕ್ಕರು. ಹಿಮ್ಮಡಿ ಒಡೆದವಳೂ ನಕ್ಕಳು. ಆಮೇಲೆ ಕಾಲನ್ನು ಸೀರೆಯೊಳಕ್ಕೆ ಎಳೆದುಕೊಂಡಳು.

ಹೆಚ್ಚು ಮುಳ್ಳು ಚುಚ್ಚಿಸಿಕೊಂಡವಳು ನಾದಿನಿ. ಗಂಡನ ತಂಗಿ, ಮದುವೆ ಮುರಿದು ಬಂದು ಅಣ್ಣನ ಮನೆಯಲ್ಲೇ ಇದ್ದಳು. ಅದೇ ಕಾರ್ಖಾನೆಯಲ್ಲಿ ಅಟ್ಟೆ ಒತ್ತುವ ಮೆಷಿನ್ನಿನ ಮುಂದೆ ನಿಲ್ಲುತ್ತಿದ್ದಳು. ತಟ್ಟೆಯ ಹಾಗೆ ನೆಲಕ್ಕೆ ಅಂಟುವ ಅಗಲವಾದ ಕಾಲು ಅವಳದು. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಊರಿದಾಗ ಹಿಮ್ಮಡಿಗೆ ಮೊಳೆ ಹೊಡೆದಂಥ ನೋವು. ಗೋಡೆ ಹಿಡಿದು ಅತ್ತಿತ್ತ ನಡೆದ ಮೇಲೆ ತಗ್ಗುತ್ತಿತ್ತು. ನೋಡಿ ಮುಗಿದ ಮಾದರಿ ಜೊತೆಗಳನ್ನು ಐದಕ್ಕ ಮನೆಗೆ ತರಬಹುದಾಗಿತ್ತು. ಮಂಚದ ಕೆಳಗೆ ಅವು ಸಾಲುಗಟ್ಟಿ ಕೂತಿದ್ದವು. ನಾದಿನಿ ಒಮ್ಮೆ ಫೋಟೊ ತೆಗೆಸಿಕೊಳ್ಳಲು ಹೋಗುವಾಗ ಕೇಳದೆ ಅದರಲ್ಲೊಂದು ಜೊತೆಗೆ ಕಾಲು ತುರುಕಿಕೊಂಡು ಹೋಗಿ, ಪಕ್ಕದ ಹೊಲಿಗೆ ಬಿಚ್ಚಿಸಿಕೊಂಡು ಬಂದಳು.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ," ಎಂದಳು ಐದಕ್ಕ, ಅತ್ತೆಯ ಎದುರಿಗೇ. "ನಿನ್ನ ಕಾಲಿಗೆ ಹಾಸಿಗೆ ನೇಯೋಕೆ ಒಂದು ಮಿಲ್ಲೇ ಬೇಕು ಕಣೆ."

ಅತ್ತೆ ಮಗಳ ಮುಖ ನೋಡಲಿಲ್ಲ. ಗಂಡ ನಕ್ಕ.

ಆ ಮನೆಯಲ್ಲೂ ಮರ್ಯಾದೆ ಕಾಲಿಗೇ. ಎರಡನೇ ಮಹಡಿಯಲ್ಲಿ ಎರಡು ಕೋಣೆ. ನೀರನ್ನು ಕೆಳಗಿನ ನಲ್ಲಿಯಿಂದ ಹೊತ್ತು ತರಬೇಕು. ಹೊರುತ್ತಿದ್ದವರು ಅತ್ತೆ ಮತ್ತು ನಾದಿನಿ. ಗಂಡ ಬೀಗ ರಿಪೇರಿಯವನು. ದುಡಿಮೆ ಇದ್ದ ದಿನ ಇತ್ತು, ಇಲ್ಲದ ದಿನ ಇಲ್ಲ. ಬೆಳಿಗ್ಗೆ ಹೆಂಡತಿಯನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಕಾರ್ಖಾನೆಯ ಬಾಗಿಲಿಗೆ ಬಿಡುತ್ತಿದ್ದ. ತಂಗಿ ಅದೇ ದಾರಿಯಲ್ಲಿ ನಡೆದು ಬರುತ್ತಿದ್ದಳು. ಸೈಕಲ್ಲು ಅವಳನ್ನು ದಾಟಿ ಹೋಗುವಾಗ ಗಂಡ ಗಂಟೆ ಬಾರಿಸುತ್ತಿದ್ದ. ಸಂಜೆ ಹೆಂಡತಿಯ ಕಾಲಿಗೆ ಎಣ್ಣೆ ತಿಕ್ಕುತ್ತ, ಮನೆಗೆ ಬಂದವರ ಮುಂದೆ, ಇವಳ ಕಾಲು ಹಿಡಿದುಕೊಂಡೇ ನಮ್ಮ ಮನೆ ನಡೆಯುತ್ತಿರುವುದು ಎಂದು ತಮಾಷೆ ಮಾಡುತ್ತಿದ್ದ. ಬೀಗದೊಳಕ್ಕೆ ಎಣ್ಣೆ ಬಿಡುವಾಗ ಇರುವಂಥದೇ ಎಚ್ಚರ ಆ ಕೈಯಲ್ಲಿರುತ್ತಿತ್ತು. ಐದಕ್ಕ ಅದನ್ನು ಪ್ರೀತಿ ಎಂದುಕೊಂಡಿದ್ದಳು. ಬೇರೆಯದನ್ನು ಅವಳು ಕಂಡಿರಲಿಲ್ಲ.

ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಮೂಳೆ ಹೊರಕ್ಕೆ ತಳ್ಳಿಕೊಂಡು ಬರುತ್ತಿರುವುದನ್ನು ಮೊದಲು ಕಂಡದ್ದು ಆ ಕೈಯೇ. ತಿಕ್ಕುತ್ತಿದ್ದುದು ಅಲ್ಲಿ ನಿಂತಿತು. ನೋಯುತ್ತದೆಯೇ ಎಂದು ಅವನು ಕೇಳಲಿಲ್ಲ.

"ಮೇಸ್ತ್ರಿ ನೋಡಿದ್ನಾ?" ಎಂದು ಕೇಳಿದ.

ಆ ಗಂಟನ್ನು ಬೆಳೆಸಿದ್ದು ಅವಳ ಕೆಲಸವೇ. ಮಾದರಿ ಜೊತೆ ಎಂದರೆ ಇನ್ನೂ ತಿದ್ದದ ಶೂ. ಚೂಪು ಮೂತಿಯವು, ಎತ್ತರದ ಹೀಲಿನವು, ಬೆರಳುಗಳನ್ನು ಹಿಡಿ ಕಟ್ಟಿದ ಹಾಗೆ ಮುದುಡಿಸುವಂಥವು, ಎಲ್ಲವೂ ಮೊದಲು ಅವಳ ಕಾಲಿಗೇ ಬಂದವು. ಬೇರೆ ಹೆಂಗಸರಿಗೆ ತಟ್ಟದಿರಲೆಂದು ಪ್ರತಿ ಶೂವಿನ ಮೊದಲ ತಪ್ಪನ್ನು ಅವಳ ಕಾಲು ಉಂಡಿತ್ತು.

ಗುರುತಿನವರು ಯಾರೂ ಇರಬಾರದೆಂದು ಗಂಡ ಅವಳನ್ನು ದೂರದ ಬಡಾವಣೆಯ ವೈದ್ಯರಲ್ಲಿಗೆ ಕರೆದುಕೊಂಡು ಹೋದ. ವೈದ್ಯರು ಕಾಲನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದರು. ಕೀಲು ಪಕ್ಕಕ್ಕೆ ಬಾಗಿದೆ, ಬಿಗಿ ಶೂ ಹಾಕಿ ಹಾಕಿ ಹೀಗೆ ಹೆಚ್ಚಾಗುತ್ತದೆ, ಇನ್ನು ಮೇಲೆ ಬೆರಳು ಅಲ್ಲಾಡಿಸಲು ಜಾಗವಿರುವ ಅಗಲವಾದ ಶೂವನ್ನೇ ಹಾಕಬೇಕು, ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಮೆತ್ತನೆಯದೇನಾದರೂ ಇಟ್ಟುಕೊಳ್ಳಬೇಕು, ಊತ ಬಂದಾಗ ಐಸ್ ಇಡಬೇಕು ಎಂದರು. ಇದೆಲ್ಲ ಅವಳಿಗೆ ಗೊತ್ತಿದ್ದದ್ದೇ. ಗೋಡೆಗೊರಗಿದ ಹೆಂಗಸರಿಗೆ ಎಷ್ಟೋ ಸಲ ಹೇಳಿದ್ದಳು. 

ಏನು ಕೆಲಸ ಮಾಡುತ್ತೀರಿ ಎಂದು ವೈದ್ಯರು ಕೇಳಿದರು. ಕೂತು ಮಾಡುವ ಕೆಲಸ ಎಂದಳು. ಹಾಗಾದರೆ ಕಾಲು ಯಾಕೆ ಹೀಗಾಯಿತು ಎಂದರು. ಗಂಡ ನಡುವೆ ಬಾಯಿ ಹಾಕಿ, ಆ ಮೂಳೆಯನ್ನು ಅರದಿಂದ ಉಜ್ಜಿದ ಹಾಗೆ ಉಜ್ಜಿ ತೆಗೆಯಲು ಬರುತ್ತದೆಯೇ ಎಂದು ವಿಚಾರಿಸಿದ. ಆಪರೇಷನ್ ಮಾಡಬಹುದು, ಆದರೆ ಕಾಲು ಹಿಂದಿನ ಅಳತೆಗೇ ಬಂದೀತೆಂದು ಹೇಳಲಾಗದು, ವಾರಗಟ್ಟಲೆ ಭಾರ ಬಿಡುವ ಹಾಗೂ ಇಲ್ಲ ಎಂಬ ಉತ್ತರ ಬಂತು. ಹೊರಗೆ ಬಂದ ಮೇಲೆ ಗಂಡ ಸೈಕಲ್ಲು ಹತ್ತಲಿಲ್ಲ. ತಳ್ಳಿಕೊಂಡು ಮುಂದೆ ಮುಂದೆ ನಡೆದ. ಹಿಂದಿನ ಸೀಟು ಖಾಲಿ ಇತ್ತು. ಅವಳು ಅದರ ಹಿಂದೆ ನಡೆದಳು.

ಅಂದಿನಿಂದ ಅವಳ ಬದುಕಿಗೆ ಉಳಿದದ್ದು ಒಂದೇ ಚಿಂತೆ: ಕುರ್ಚಿ ಉಳಿಯಬೇಕು. ಅದು ಹೋದರೆ ಕಾರ್ಖಾನೆಯಲ್ಲಿ ತಾನು ಯಾರು ಎಂದು ಅವಳಿಗೆ ಗೊತ್ತಿರಲಿಲ್ಲ. ಮನೆಯಲ್ಲಿ ಯಾರು ಎಂಬುದಂತೂ ಗೊತ್ತೇ ಇರಲಿಲ್ಲ.

ಮೇಸ್ತ್ರಿ ತಿಂಗಳಿಗೊಮ್ಮೆ ಅವಳ ಕಾಲು ಅಳೆಯುತ್ತಿದ್ದ. ಮೊದಲು ಎರಡೂ ಕಾಲು ಅಳೆಯುತ್ತಿದ್ದವನು, ವಯಸ್ಸಾದ ಮೇಲೆ ಮಂಡಿ ನೋವೆಂದು ಮುಂದೆ ಚಾಚಿದ ಒಂದನ್ನೇ ಅಳೆದು ಏಳುತ್ತಿದ್ದ. ಅವಳು ಎಡಗಾಲನ್ನೇ ಚಾಚತೊಡಗಿದಳು. ಆದರೆ ಮಾದರಿ ಮೆಟ್ಟುವಾಗ ಎರಡೂ ಕಾಲು ಬೇಕು. ಅದಕ್ಕಾಗಿ ಬೆಳಿಗ್ಗೆ ಬಚ್ಚಲಲ್ಲಿ ಕೂತು ಹಳೆಯ ಬಟ್ಟೆಯ ಪಟ್ಟಿಯಿಂದ ಬಲಗಾಲನ್ನು ಬಿಗಿದು ಕಟ್ಟಿ, ಕಾರ್ಖಾನೆ ಮುಟ್ಟಿದ ಮೇಲೆ ಬಿಚ್ಚುತ್ತಿದ್ದಳು. ಬಿಚ್ಚಿದ ಮೇಲೆ ಸ್ವಲ್ಪ ಹೊತ್ತು ಕಾಲು ಹೇಳಿದ ಮಾತು ಕೇಳುತ್ತಿತ್ತು. ಮೇಲೊಂದು ದಪ್ಪ ಕಾಲುಚೀಲ. ಚಳಿ ಎಂದರೆ ಯಾರೂ ಮರುಪ್ರಶ್ನೆ ಹಾಕಲಿಲ್ಲ.

ಬಚ್ಚಲಿನ ಚಿಲಕ ಸರಿ ಇರಲಿಲ್ಲ. ಬೀಗದವನ ಮನೆಯ ಚಿಲಕ ಯಾವ ಕಾಲಕ್ಕೆ ಸರಿ ಇದ್ದೀತು. ಒಂದು ಬೆಳಿಗ್ಗೆ ನಾದಿನಿ ಬಾಗಿಲು ತಳ್ಳಿದಳು. ಪಟ್ಟಿಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕೂತ ಅತ್ತಿಗೆಯನ್ನೂ ಆ ಕಾಲನ್ನೂ ನೋಡಿದಳು. ಈಗ ನಗುತ್ತಾಳೆ ಎಂದು ಐದಕ್ಕ ಕಾದಳು. ನಾದಿನಿ ನಗಲಿಲ್ಲ. ಎದುರಿಗೆ ಕೂತು, ಪಟ್ಟಿಯ ತುದಿಯನ್ನು ಅವಳ ಬಾಯಿಂದ ಬಿಡಿಸಿಕೊಂಡಳು.

"ಬಿಗಿ ಸಾಲ್ದು ಅತ್ತಿಗೆ. ಬಿಡಿ, ನಾನು ಕಟ್ತೀನಿ."

ದಿನವಿಡೀ ಅಟ್ಟೆ ಒತ್ತುವ ಕೈ ಅದು. ಐದಕ್ಕನ ಕಣ್ಣಲ್ಲಿ ನೀರು ಬಂತು. ಸಾಕೇ ಎಂದು ನಾದಿನಿ ಕೇಳಿದಳು. ಸಾಲದು ಎಂದು ತಾನೇ ಉತ್ತರ ಹೇಳಿಕೊಂಡು ಇನ್ನೊಂದು ಸುತ್ತು ಎಳೆದಳು. ಮಾರನೆಯ ದಿನದಿಂದ ಕರೆಯದೆಯೇ ಬಂದು ಕೂರುತ್ತಿದ್ದಳು. ಹೀಗೆ ಬಿಗಿದರೆ ನೋವು ಇಮ್ಮಡಿಯಾಗುತ್ತದೆ, ಕಾಲು ಇನ್ನಷ್ಟು ಕೆಡುತ್ತದೆ ಎಂಬುದು ಐದಕ್ಕನಿಗೆ ಗೊತ್ತಿತ್ತು. ನಾದಿನಿಗೂ ಗೊತ್ತಿತ್ತು, ಊಟದ ಹೊತ್ತಿನ ಬುದ್ಧಿವಾದವನ್ನೆಲ್ಲ ಕೇಳಿಸಿಕೊಂಡವಳೇ ಅಲ್ಲವೇ. ಕಟ್ಟುವಾಗ ಒದ್ದೆ ಬಟ್ಟೆಯಿಂದ ಬಕೆಟ್ಟಿಗೆ ತೊಟ್ಟಿಕ್ಕುವ ನೀರಿನ ಸದ್ದು ಮಾತ್ರ ಇರುತ್ತಿತ್ತು.

ಆ ವರ್ಷ ದೊಡ್ಡ ಆಸ್ಪತ್ರೆಯೊಂದರಿಂದ ನರ್ಸುಗಳ ಶೂ ಮಾಡಿಕೊಡಲು ಆರ್ಡರು ಬಂತು. ಕಪ್ಪು ಚರ್ಮ, ಮುಚ್ಚಿದ ಮುಂಭಾಗ, ತಗ್ಗಿನ ಹೀಲು. ಹಗಲೆಲ್ಲ ನಿಲ್ಲುವವರಿಗೆ ಹಾಯಾಗಿರಬೇಕು ಎಂದು ಆಸ್ಪತ್ರೆಯವರು ಕೇಳಿದ್ದರು. ಮುಂದೆ ಸ್ವಲ್ಪ ಚೂಪಾಗಿ ಚೆಂದ ಕಾಣಬೇಕು, ನರ್ಸುಗಳಾದರೇನು, ಹೆಂಗಸರಲ್ಲವೇ ಎಂದು ಮಾಲೀಕರು ಹೇಳಿದ್ದರು. ಮೇಸ್ತ್ರಿ ಮಾಲೀಕರ ಮಾತಿನ ಪ್ರಕಾರ ಅಚ್ಚಿನ ಪಕ್ಕಗಳನ್ನು ಒಂದಿಷ್ಟು ಕೆತ್ತಿದ. 

ಮಾದರಿ ಜೊತೆ ಬಂತು. ಐದಕ್ಕ ಮೆಟ್ಟಿಕೊಂಡು ಎದ್ದಳು. ಮೊದಲ ಹೆಜ್ಜೆಗೇ ಬಲಗಾಲಿನ ಗಂಟು ಧಗ್ ಎಂದಿತು. ಇಷ್ಟು ವರ್ಷ ಶೂ ಸರಿಯೋ ತಪ್ಪೋ ಎಂಬುದನ್ನು ಕಾಲು ತಾನಾಗಿ ಹೇಳುತ್ತಿತ್ತು. ಇಂದು ಅದು ನರಳಿದ್ದು ಶೂವಿನ ತಪ್ಪಿಗೋ ತನ್ನ ತಪ್ಪಿಗೋ ಅವಳಿಗೆ ತಿಳಿಯಲಿಲ್ಲ. ಎಡಗಾಲನ್ನು ಕೇಳಿದಳು. ಎಡಗಾಲೂ ಒತ್ತುತ್ತೆ ಎಂದೇ ಹೇಳುತ್ತಿತ್ತು, ಸಣ್ಣ ದನಿಯಲ್ಲಿ. ಶೆಡ್ಡಿನ ಕೊನೆಯವರೆಗೆ ನಡೆದು, ಮರದ ಮೆಟ್ಟಿಲು ಹತ್ತಿಳಿದು ಬಂದು ಕೂತಳು. ಬೆನ್ನಿಗೆ ಬೆವರು ಅಂಟಿತ್ತು.

"ಮುಂದೆ ಸ್ವಲ್ಪ ಹಿಡೀತಿದೆಯಾ?" ಎಂದ ಮೇಸ್ತ್ರಿ. "ನನಗೂ ಅನುಮಾನ ಇದೆ. ಹೇಳು, ಮಾಲೀಕರಿಗೆ ನಾನು ಹೇಳ್ತೀನಿ. ಎಲ್ಲಿ, ಬಲಗಾಲು ಕೊಡು."

ನಿಜ ಹೇಳಲು ಬಾಗಿಲು ತೆರೆದೇ ಇತ್ತು. ಆದರೆ ಒತ್ತುತ್ತೆ ಎಂದರೆ ಅವನ ಬೆರಳು ಶೂವಿನ ಮೇಲೆ ಬರುತ್ತದೆ. ಆಮೇಲೆ ಶೂ ಬಿಚ್ಚಬೇಕು. ಆಮೇಲೆ ಕಾಲುಚೀಲ. ಅವನು ಮಂಡಿ ಊರುವ ಮುಂಚೆಯೇ ಅವಳು ಕಾಲನ್ನು ಕುರ್ಚಿಯ ಕೆಳಕ್ಕೆ ಎಳೆದುಕೊಂಡಳು.

"ಕೂತಿದೆ," ಎಂದಳು.

ಅರ್ಧ ಬಗ್ಗಿದ್ದವನು ಎದ್ದು ನಿಂತ. ಕಣ್ಣು ಮಂಜಾಗುತ್ತ ಬಂದ ಮೇಲೆ ಅವನಿಗೆ ತನ್ನ ಕಣ್ಣಿಗಿಂತ ಅವಳ ಕಾಲಿನ ಮೇಲೆ ನಂಬಿಕೆ ಹೆಚ್ಚಾಗಿತ್ತು. ಮೆಷಿನ್ನುಗಳು ತಿರುಗಿದವು.

ಶೂಗಳು ಹೋದವು. ಕೆಲವು ವಾರಗಳಲ್ಲಿ ಚೀಲ ಚೀಲವಾಗಿ ವಾಪಸು ಬಂದವು. ಮಾಲೀಕರು ಮೆಷಿನ್ನು ನಿಲ್ಲಿಸಲು ಹೇಳಿ, ಶೆಡ್ಡಿನ ನಡುವೆಯೇ ಅವನ್ನು ಸುರಿಸಿದರು. ಮೇಸ್ತ್ರಿ ರಾಶಿಯ ಪಕ್ಕ ಕೂತು, ಒಂದೊಂದರೊಳಗೂ ಕೈ ಹಾಕಿ ಒಳಪದರವನ್ನು ಬೆಳಕಿಗೆ ಹಿಡಿದು ನೋಡಿದ. ಎಲ್ಲದರಲ್ಲೂ ಒಂದೇ ಜಾಗ ಸವೆದಿತ್ತು, ಹೆಬ್ಬೆರಳ ಬುಡದ ಪಕ್ಕ. ಕೆಲವುಗಳಲ್ಲಿ ಒಣಗಿದ ರಕ್ತದ ಕಂದು ಕಲೆ. ಯಾವುದೋ ವಾರ್ಡಿನಲ್ಲಿ, ಯಾರದೋ ಹಾಸಿಗೆಯ ಪಕ್ಕ ನಿಂತು ನಿಂತು ಹತ್ತಿದ ಕಲೆ.

ಮೇಸ್ತ್ರಿ ಎದ್ದು ಕುರ್ಚಿಯ ಹತ್ತಿರ ಬಂದ. ಕಾಲುಚೀಲ ತೆಗೆ ಎಂದ. ಅವಳು ಎಡಗಾಲಿನದಕ್ಕೆ ಕೈ ಹಾಕಿದಳು. ಅದಲ್ಲ ಎಂದ.

ಬಲಗಾಲಿನ ಚೀಲ ಇಳಿಯಿತು. ಹೆಬ್ಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಮಲಗಿತ್ತು. ಬುಡದ ಗಂಟು ಕೆಂಪಗೆ, ಹೊಳೆಯುತ್ತ, ಸುತ್ತಲೂ ಪಟ್ಟಿಯ ಬರೆಗಳು. ಹಿಮ್ಮಡಿ ಒಡೆದವಳು ಹಿಂದಿನ ಸಾಲಿನಿಂದ ಹೇಳಿದಳು:

"ಬೀಜ ಬಿತ್ತದೇನೇ ಗೆಡ್ಡೆ ಬಂದಿದೆ ನೋಡ್ರೇ."

ನಗು ಒಂದು ಕಡೆಯಿಂದ ಶುರುವಾಗಿ ಇನ್ನೊಂದು ಕಡೆಗೆ ಹೋಗಿ ಮುಟ್ಟಿತು. ಅಷ್ಟು ಹೊತ್ತೂ ಮೇಸ್ತ್ರಿ ಆ ಕಾಲನ್ನೇ ನೋಡುತ್ತಿದ್ದ.

"ಅವತ್ತು ನೋವಾಗ್ಲಿಲ್ವಾ?"

"ಆಯ್ತು."

ಅವನು ತಲೆ ಎತ್ತಿ ಅವಳ ಮುಖ ನೋಡಿದ. ಇಷ್ಟು ವರ್ಷದಲ್ಲಿ ಅದೇ ಮೊದಲು. ಇದು ಯಾರ ಮುಖ ಎಂದು ನೆನಪು ಮಾಡಿಕೊಳ್ಳುವವನ ಹಾಗೆ ನೋಡಿ, ಟೇಪನ್ನು ಜೇಬಿಗೆ ಹಾಕಿಕೊಂಡು ಹೋದ.

ಮಾಲೀಕರು ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಕೈಗಳು ಚೆನ್ನಾಗಿಯೇ ಇವೆಯಲ್ಲ, ನಿಂತು ದುಡಿಯಲಿ ಎಂದರು. ಅಟ್ಟೆ ಒತ್ತುವ ಮೆಷಿನ್ನಿಗೆ ಹಾಕಿದರು, ನಾದಿನಿಯ ಪಕ್ಕದಲ್ಲೇ. ವಾಪಸು ಬಂದ ಶೂಗಳನ್ನು ಬಿಸಾಡಲೂ ಅವರಿಗೆ ಮನಸ್ಸು ಬರಲಿಲ್ಲ. ಒಳಪದರ ಕಿತ್ತು ಹೊಸದು ಅಂಟಿಸಿ, ಇನ್ನು ಮೇಲೆ ಕಾರ್ಖಾನೆಯ ಹೆಂಗಸರೆಲ್ಲ ಇದನ್ನೇ ಹಾಕಿಕೊಂಡು ನಿಲ್ಲಬೇಕು, ಚಪ್ಪಲಿಯಲ್ಲಿ ಬಂದವರನ್ನು ಒಳಗೆ ಬಿಡುವುದಿಲ್ಲ ಎಂದು ಅಪ್ಪಣೆ ಮಾಡಿದರು. ಪುಕ್ಕಟೆ ಶೂ ಕೊಡುವ ಕಾರ್ಖಾನೆ ಬೇರೆಲ್ಲಿದೆ ಹೇಳಿ ಎಂದು ಸೇರಿಸಿದರು.

ಮತ್ತೆ ಸಾಲು ನಿಂತಿತು. ಈ ಸಲ ಮೇಸ್ತ್ರಿ ಎಲ್ಲರ ಎರಡೂ ಕಾಲು ಅಳೆದ. ಡಬ್ಬಿ ಕಟ್ಟುವವಳೊಬ್ಬಳ ಕಾಲು ಐದಕ್ಕೆ ಸರಿಯಾಯಿತು. ಅವಳು ಕುರ್ಚಿಯ ಅಂಚಿನಲ್ಲಿ ನಾಚಿಕೊಂಡು ಕೂತಳು. ಮಧ್ಯಾಹ್ನದ ಹೊತ್ತಿಗೆ ಹಿಂದಕ್ಕೆ ಒರಗಿದ್ದಳು.

ಮನೆಯಲ್ಲಿ ಗಂಡ ಸೈಕಲ್ಲಿನ ಹಿಂದಿನ ಸೀಟು ಬಿಚ್ಚಿ, ಅಲ್ಲಿ ಬೀಗದ ಪೆಟ್ಟಿಗೆ ಕಟ್ಟಿದ. "ಇಷ್ಟು ದಿನ ನಾನು ಹೊತ್ತೆ," ಎಂದ. "ಇನ್ನು ನಿನ್ನ ಕಾಲ ಮೇಲೆ ನೀನು ನಿಂತ್ಕೋ." ಎಣ್ಣೆಯ ಬಾಟಲಿ ಅವನ ಸಾಮಾನಿನ ಜೊತೆ ಆ ಪೆಟ್ಟಿಗೆ ಸೇರಿತು. ಅತ್ತೆ ಕೊಡವನ್ನು ಅವಳ ಮುಂದೆ ಇಟ್ಟು, ಮೆಟ್ಟಿಲುಗಳು ನಿನ್ನನ್ನು ಸರಿಯಾಗಿ ನೋಡಿಯೇ ಇಲ್ಲ ಕಣಮ್ಮ, ಹೋಗಿ ಪರಿಚಯ ಮಾಡಿಕೊಂಡು ಬಾ ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಬಹಳ ದಿನದಿಂದ ಕಾಯ್ದಿರಿಸಿದ ಮಾತನ್ನು ಹೊರಗೆ ತೆಗೆದಿಡುವ ಸಮಾಧಾನ ಇತ್ತು. ಬಚ್ಚಲಲ್ಲಿ ಕಾಲು ಕಟ್ಟಲು ಈಗ ಯಾರೂ ಬರಲಿಲ್ಲ. ಕಟ್ಟುವ ಅಗತ್ಯವೂ ಇರಲಿಲ್ಲ.

ಕಾರ್ಖಾನೆಯಲ್ಲಿ ಹೆಂಗಸರೆಲ್ಲ ಆ ಕಪ್ಪು ಶೂಗಳಲ್ಲಿ ನಿಂತರು. ಬೆಳಿಗ್ಗೆ ಬೆಂಚಿನ ಮೇಲೆ ಕೂತು ಕಾಲು ತೂರಿಸುವಾಗ ಒಬ್ಬಳು, ಕೂತಿದೆಯೇನ್ರೇ ಎಂದು ಕೂಗಿದರೆ ಉಳಿದವರು, ಕೂತಿದೆ ಕೂತಿದೆ ಎಂದು ರಾಗ ಎಳೆಯುತ್ತಿದ್ದರು. ಐದಕ್ಕನ ಮುಖ ನೋಡಿ ಯಾರೂ ಬೈಯಲಿಲ್ಲ. ಮಧ್ಯಾಹ್ನವಾಗುವಾಗ ರಾಗ ನಿಂತು, ನರಳಿಕೆ ಉಳಿಯುತ್ತಿತ್ತು. ಸಂಜೆ ಬರಿಗಾಲಲ್ಲಿ ಮನೆಗೆ ಹೋಗುವವರ ಕೈಯಲ್ಲಿ ಶೂ ನೇತಾಡುತ್ತಿದ್ದವು. ಐದಕ್ಕನ ಬಲಗಾಲು ಮೆಷಿನ್ನಿನ ಮುಂದೆ ಗಳಿಗೆಗೊಮ್ಮೆ ತೂಕವನ್ನು ಎಡಗಾಲಿಗೆ ಕೊಡುತ್ತಿತ್ತು. ಎಡಗಾಲು ಹೊರಲಾರದೆ ತಿರುಗಿ ಕೊಡುತ್ತಿತ್ತು.

ಒಂದು ದಿನ ಊಟದ ಹೊತ್ತಿನಲ್ಲಿ ನಾದಿನಿ ಚರ್ಮ ಹೆರೆಯುವ ಚೂರಿಯಿಂದ ತನ್ನ ಶೂವಿನ ಪಕ್ಕದಲ್ಲಿ, ಒತ್ತುವ ಜಾಗದಲ್ಲಿ, ದುಂಡಗೆ ಒಂದು ತೂತು ಕೊರೆದಳು. ಮೇಲೆ ತೆಳ್ಳನೆಯ ಕಪ್ಪು ಬಟ್ಟೆ ಅಂಟಿಸಿದಳು. ದೂರಕ್ಕೆ ಏನೂ ಕಾಣದು. ಕಾಲಿಗೆ ಮಾತ್ರ ಉಸಿರು ಬರುತ್ತದೆ. ಮಾರನೆಯ ದಿನ ಹಿಮ್ಮಡಿ ಒಡೆದವಳು ಬಂದಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಚರ್ಮದ ಮೇಲೆ ಗುರುತು ಹಾಕಲು ಕಾರ್ಖಾನೆಯಲ್ಲಿ ಬೆಳ್ಳಿ ಬಣ್ಣದ ಪೆನ್ನುಗಳಿರುತ್ತಿದ್ದವು. ನಾದಿನಿ ಅವರ ಕಾಲನ್ನು ಶೂ ಸಮೇತ ತೊಡೆಯ ಮೇಲಿಟ್ಟುಕೊಂಡು, ಎಲ್ಲಿ ನೋವು ಎಂದು ಕೇಳಿ, ಆ ಪೆನ್ನಿನಿಂದ ಸುತ್ತು ಬರೆದು, ಶೂ ಬಿಚ್ಚಿಸಿ, ಬರೆದ ಗೆರೆಯ ಮೇಲೆಯೇ ಕೊರೆಯುತ್ತಿದ್ದಳು. ಕಾಲಿನ ವಿಷಯ ಎಂದರೆ ಹೆಂಗಸರು ಈಗ ಅವಳ ಬಳಿಗೆ ಹೋಗುತ್ತಿದ್ದರು. 

ಐದಕ್ಕ ಎಲ್ಲರದೂ ಮುಗಿಯುವವರೆಗೆ ಕಾದಳು. ನೋವು ನಾಚಿಕೆಗಿಂತ ದೊಡ್ಡದಾದ ದಿನ ಗೋಡೆಯ ಹತ್ತಿರ ಹೋಗಿ ನಿಂತಳು.

"ನಂದೂ ಒಂದು ಕುಯ್ದು ಕೊಡ್ತೀಯಾ?"

ನಾದಿನಿ ಕೈ ಒರೆಸಿಕೊಂಡಳು. ಬನ್ನಿ ಎಂದು ಜಾಗ ಮಾಡಿಕೊಟ್ಟಳು. "ಎಲ್ಲಿ ನೋವು ಅತ್ತಿಗೆ?"

"ನಿಂಗೆ ಗೊತ್ತಲ್ಲ."

"ನಂಗೆ ಗೊತ್ತು. ನೀವು ಬಾಯ್ಬಿಟ್ಟು ಹೇಳಿದ್ದನ್ನ ಇವರು ಯಾರೂ ಕೇಳಿಲ್ಲ. ಹೇಳಿ."

ಹೆಂಗಸರ ಕೈಯ ತುತ್ತು ಕೈಯಲ್ಲೇ ನಿಂತಿತು. ಐದಕ್ಕ ಬಗ್ಗಿ ಬೆರಳಿಟ್ಟು ತೋರಿಸಿದಳು.

"ಇಲ್ಲಿ," ಎಂದಳು. "ಇಲ್ಲಿ ಒತ್ತುತ್ತೆ."

ನಾದಿನಿ ಆ ಕಾಲನ್ನು ಮೆಲ್ಲಗೆ ತೊಡೆಯ ಮೇಲೆ ಎತ್ತಿಟ್ಟುಕೊಂಡಳು. ಬಲು ಜೋಪಾನವಾಗಿ, ಮಗುವಿನ ಹಣೆಗೆ ಬೊಟ್ಟಿಡುವವಳ ಹಾಗೆ, ಶೂವಿನ ಮೇಲೆ ಗಂಟಿನ ಸುತ್ತ ಬೆಳ್ಳಿಯ ಗೆರೆ ಎಳೆದಳು. ಗೆರೆ ತುದಿಗೆ ತುದಿ ಕೂಡಿಕೊಂಡು ದುಂಡಗೆ ಮುಗಿಯಿತು. ಆಮೇಲೆ ಪೆನ್ನಿನ ಮುಚ್ಚಳ ಹಾಕಿದಳು. ಚೂರಿಯನ್ನು ಬಟ್ಟೆಯಲ್ಲಿ ಸುತ್ತಿದಳು.

"ಗುರುತು ಹಾಕಿದೀನಿ. ಕುಯ್ಯೋದು ನಾಳೆ ನೋಡೋಣ."

ಮಾರನೆಯ ದಿನ ಕೇಳಿದಾಗ ನಾಳೆ ಎಂದಳು. ಅದರ ಮಾರನೆಯ ದಿನ ಚೂರಿ ಮೊಂಡಾಗಿದೆ ಎಂದಳು. ಆಮೇಲೊಂದು ದಿನ ಹೆಂಗಸರ ಕೆಲಸದ ಮೇಲೆ ಕಣ್ಣಿಡುವ ಸೂಪರ್‌ವೈಸರಮ್ಮ ಒಬ್ಬಳ ಶೂವಿನ ಪಕ್ಕದ ಬಟ್ಟೆ ಕಿತ್ತು ಬಂದದ್ದನ್ನು ಕಂಡಳು. ಎಲ್ಲರ ಶೂ ನೋಡಿದಳು. ಆದದ್ದು ಆಯಿತು, ಇನ್ನು ಮೇಲೆ ಕಾರ್ಖಾನೆಯ ಶೂ ಕೊರೆದವರು ಅದೇ ಶೂ ಮೆಟ್ಟಿಕೊಂಡು ಮನೆಗೆ ಹೋಗಬಹುದು, ಮರಳಿ ಬರಬೇಕಾಗಿಲ್ಲ ಎಂದಳು. ನಾದಿನಿ ಚೂರಿಯನ್ನು ತಾನಾಗಿಯೇ ತಂದು ಅವಳ ಕೈಗೆ ಕೊಟ್ಟಳು. 

ಆ ಬೆಳ್ಳಿ ಬಣ್ಣ ಸುಲಭಕ್ಕೆ ಹೋಗುವಂಥದ್ದಲ್ಲ. ಐದಕ್ಕ ಎಂಜಲು ಹಚ್ಚಿ ಉಜ್ಜಿದಳು, ಮನೆಯಲ್ಲಿ ಸೀಮೆಎಣ್ಣೆ ಹಚ್ಚಿ ಉಜ್ಜಿದಳು. ಸುತ್ತಲಿನ ಕಪ್ಪು ಮಾಸಿ, ಗೆರೆ ಇನ್ನಷ್ಟು ಎದ್ದು ಕಂಡಿತು. ಸೂಪರ್‌ವೈಸರಮ್ಮನಿಗೆ ಅದರ ಮೇಲೆ ಗುಮಾನಿ. ಬೆಳಿಗ್ಗೆ ಸಾಲಿನುದ್ದಕ್ಕೂ ಬರುವಾಗ ಐದಕ್ಕನ ಮುಂದೆ ನಿಲ್ಲುತ್ತಿದ್ದಳು. ಬಗ್ಗುವುದು ಯಾಕೆಂದು ತನ್ನ ಚಪ್ಪಲಿಯ ತುದಿಯನ್ನು ಆ ದುಂಡನೆಯ ಗೆರೆಯ ಮೇಲಿಟ್ಟು ಒತ್ತಿ ನೋಡುತ್ತಿದ್ದಳು. ಚರ್ಮ ಗಟ್ಟಿ ಇದೆ, ತೂತಿಲ್ಲ ಎಂದು ಖಾತ್ರಿಯಾದ ಮೇಲೆ ಮುಂದಕ್ಕೆ ಹೋಗುತ್ತಿದ್ದಳು. ಐದಕ್ಕ ಮೆಷಿನ್ನಿನ ಅಂಚನ್ನು ಎರಡೂ ಕೈಯಿಂದ ಹಿಡಿದು ನಿಂತಿರುತ್ತಿದ್ದಳು. ಪಕ್ಕದಲ್ಲಿ ನಾದಿನಿ ಅಟ್ಟೆಗಳನ್ನು ಜೋಡಿಸಿ ಅವಳ ಕಡೆಗೆ ಸರಿಸುತ್ತ, ಬೇಗ ಅತ್ತಿಗೆ, ಕೆಲಸ ನಿಲ್ಲುತ್ತೆ ಎನ್ನುತ್ತಿದ್ದಳು.